ಕಟಕ್ ಎಂದ ಜೀಪು

ನಮ್ಮ ಮನೆಯಲ್ಲಿ ಒಂದು ಮಾತು ಬಳಕೆಯಲ್ಲಿದೆ. ಮಗಳು ಪರೀಕ್ಷೆಯ ಅಂಕ ಹೇಳದೆ ಸುಮ್ಮನಿದ್ದರೆ, ಇವರು ಸಕ್ಕರೆ ಕಾಯಿಲೆಯ ರಿಪೋರ್ಟನ್ನು ಪುಸ್ತಕದ ನಡುವೆ ಮುಚ್ಚಿಟ್ಟರೆ, "ಎಲ್ಲೋ ಕಟಕ್ ಅಂತಿದೆ" ಎನ್ನುತ್ತೇವೆ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಆ ಮಾತನ್ನು ನಮಗೆ ಕೊಟ್ಟದ್ದು ಒಂದು ಹಳೆಯ ಜೀಪು. ಈಗ ಅಂಥ ಗಾಡಿಗಳಿಗೆ ಎಸ್‌ಯುವಿ ಎಂಬ ದೊಡ್ಡ ಹೆಸರಿದೆ. ನಮ್ಮ ಹೊಸಪೇಟೆಯ ಬಾಯಲ್ಲಿ ಎತ್ತರವಾಗಿರುವುದೆಲ್ಲ ಜೀಪೇ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಗೆ ತಡೆ ಹಾಕಿತು. ಆಗ ನಮ್ಮ ಹೊಸಪೇಟೆಯೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ತಡೆ ಬರುವ ಮೊದಲು ಸಂಡೂರು ರಸ್ತೆಯನ್ನು ಕಂಡವರು ಅದನ್ನು ಮರೆಯಲಾರರು. ಮುಗಿಯದ ಲಾರಿಗಳ ಸಾಲು, ಅವುಗಳ ಭಾರಕ್ಕೆ ಕುಸಿದ ಗುಂಡಿಗಳು, ಹಿತ್ತಲಲ್ಲಿ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕಾವಿಯಾಗುವಷ್ಟು ಕೆಂಪು ಧೂಳು. ಆ ಗುಂಡಿಗಳ ಮೇಲೆ ಹಗಲು ರಾತ್ರಿ ಓಡಿದ ಜೀಪುಗಳು, ಗಣಿ ನಿಂತ ಮೇಲೆ ಗಾಜಿಗೆ 'ಮಾರಾಟಕ್ಕಿದೆ' ಎಂಬ ಚೀಟಿ ಅಂಟಿಸಿಕೊಂಡು ನಿಂತವು. ಸಾಲದ ಕಂತು ಕಟ್ಟಲಾರದ ಮನೆಗಳ ದುಃಖವೂ ಆ ಚೀಟಿಯ ಹಿಂದೆ ಇತ್ತು. ಅಗ್ಗವಾಗಿ ಸಿಕ್ಕಿತೆಂಬ ಸಂತೋಷದಲ್ಲಿ ನಾವು ಅದನ್ನು ಯೋಚಿಸಲಿಲ್ಲ.

ನಮಗೆ ಗಾಡಿ ಬೇಕಾದದ್ದು ಅತ್ತೆಗಾಗಿ. ಅವರು ಕಂಪ್ಲಿಯಲ್ಲಿದ್ದರು. ಮೊಣಕಾಲಿನ ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರದಾಗಿದ್ದರು. 2012ರಲ್ಲಿ ಇವರು ಸಂಡೂರಿಗೆ ಹೋಗಿ, ನೋಡಿ, ಓಡಿಸಿ, ಜೀಪು ತಂದರು. ಪೂಜೆ ಮಾಡಿ ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸಿದೆವು. ಎರಡು ತಿಂಗಳು ಎಲ್ಲ ಸರಿಯಿತ್ತು. ಮೂರನೆಯ ತಿಂಗಳು ಕಮಲಾಪುರ ದಾಟಿ ಬುಕ್ಕಸಾಗರದ ಕಡೆ ಹೋಗುತ್ತಿದ್ದಾಗ ಒಂದು ಗುಂಡಿಗೆ ಇಳಿದು ಎದ್ದ ಗಾಡಿ, ಎಡಗಾಲಿಯ ಬಳಿ 'ಕಟಕ್' ಎಂದಿತು. ಆಮೇಲೆ ಪ್ರತಿ ಗುಂಡಿಗೂ ಕಟಕ್. ಸ್ಟೀರಿಂಗ್ ಸಡಿಲ ಬಿಟ್ಟರೆ ಗಾಡಿ ತಾನೇ ಎಡಕ್ಕೆ ವಾಲುತ್ತಿತ್ತು.

ಗ್ಯಾರೇಜಿನ ಹುಡುಗ ಮುಂದಿನ ಗಾಲಿಯನ್ನು ಜಾಕಿನ ಮೇಲೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದ. ಗಾಲಿ ಒಂದನೇ ತರಗತಿಯ ಮಗುವಿನ ಹಾಲುಹಲ್ಲಿನಂತೆ ಅಲುಗಿತು. ಇವರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲುಗಿಸಿದ. ಆಗಲೂ ಅಲುಗಿತು. "ಬ್ರೇಕ್ ಹಿಡಿದಾಗ ನಿಂತಿದ್ರೆ ಬೇರಿಂಗ್ ಅನ್ನಬಹುದಿತ್ತು. ಇದು ಬಾಲ್ ಜಾಯಿಂಟ್ ಹೋಗೈತ್ರಿ ಸಾರ್" ಎಂದ.

ನನಗೆ ತಿಳಿಯುವಂತೆ ವಿವರಿಸಿದವನೂ ಅವನೇ. ಗಾಲಿಯನ್ನು ಗಾಡಿಗೆ ಹಿಡಿದಿಡುವ ತೋಳಿನ ತುದಿಯಲ್ಲಿ ಬಟ್ಟಲು, ಬಟ್ಟಲಿನಲ್ಲಿ ಉಕ್ಕಿನ ಗುಂಡು. ನಮ್ಮ ಸೊಂಟದ ಕೀಲಿನ ಹಾಗೆಯೇ. ಅದಕ್ಕೊಂದು ರಬ್ಬರಿನ ಟೊಪ್ಪಿಗೆ, ಒಳಗೆ ಗ್ರೀಸು. ಟೊಪ್ಪಿಗೆ ಹರಿದರೆ ಗ್ರೀಸು ಹೊರಗೆ, ಧೂಳು ಒಳಗೆ. ಅದಿರಿನ ಧೂಳೆಂದರೆ ಅರೆಯುವ ಪುಡಿ. ಅದು ಗುಂಡನ್ನೂ ಬಟ್ಟಲನ್ನೂ ದಿನದಿನಕ್ಕೆ ತಿನ್ನುತ್ತದೆ. ತೋಳಿನ ಇನ್ನೊಂದು ತುದಿಯ ರಬ್ಬರ್ ಬುಶ್ಶುಗಳೂ ಹರಿದಿದ್ದವು. ಟೈರಿನ ಒಳ ಅಂಚು ಸವೆದು ನುಣ್ಣಗಾಗಿತ್ತು. ಎಂಜಿನ್ನಿನ ಭಾರ ಇರುವುದು ಮುಂದೆ, ಬ್ರೇಕ್ ಹಾಕಿದಾಗ ಗಾಡಿಯ ಭಾರ ಬೀಳುವುದೂ ಮುಂದೆ, ದಾರಿಗೆ ತಕ್ಕಂತೆ ತಿರುಗಬೇಕಾದವೂ ಮುಂದಿನ ಗಾಲಿಗಳೇ. ಗುಂಡು ಬಟ್ಟಲಿನಿಂದ ಕಳಚಿದರೆ ಗಾಲಿ ಹೊರಕ್ಕೆ ಮಡಚಿಕೊಳ್ಳುತ್ತದೆ. ಆಗ ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದ ಹಾಗೆ.

ಇನ್ನೊಂದು ಸಂಗತಿಯನ್ನೂ ಅವನು ತೋರಿಸಿದ. ಹರಿದ ಟೊಪ್ಪಿಗೆಯ ಸುತ್ತ ಯಾರೋ ದಪ್ಪಗೆ ಗ್ರೀಸು ಮೆತ್ತಿ, ಬುಶ್ಶುಗಳಿಗೆ ಕರಿ ಬಣ್ಣ ಬಳಿದಿದ್ದರು. "ಹಿಂಗ್ ಮಾಡಿದ್ರೆ ಎರಡು ಮೂರು ತಿಂಗಳು ಸದ್ದು ಬರಲ್ಲ ಮೇಡಂ." ಅಂದರೆ ನಮಗೆ ಮಾರಿದವನಿಗೆ ಗೊತ್ತಿತ್ತು.

ಪೂರಾ ದುರಸ್ತಿಗೆ ಹದಿನೆಂಟು ಸಾವಿರ ಎಂದ. ಮಗಳ ಕಾಲೇಜಿನ ಫೀಜು ಕಟ್ಟಿದ ತಿಂಗಳು ಅದು. ಇವರು ತುಸು ಯೋಚಿಸಿ, "ಸದ್ಯಕ್ಕೆ ಗ್ರೀಸು ತುಂಬಿ ಕೊಡಪ್ಪಾ, ಮಾರಿಬಿಡ್ತೀನಿ" ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದೆ. ನನಗೆ ಕೇಳಿಸಿತು. ಸುಮ್ಮನಿದ್ದೆ.

ನೋಡಲು ಬಂದವರು ಕಂಪ್ಲಿ ಕಡೆಯ ಎಳೆಯ ದಂಪತಿ. ವಾರದ ದಿನಗಳಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುವುದು, ರಜೆಯಲ್ಲಿ ಹಂಪಿ ನೋಡಲು ಬರುವವರನ್ನು ಸುತ್ತಾಡಿಸುವುದು ಅವರ ಲೆಕ್ಕಾಚಾರ. ಗಂಡಸರು ಗಾಡಿ ಓಡಿಸಿ ನೋಡಲು ಹೋದರು. ಆ ಹುಡುಗಿ ನನ್ನ ಹಿಂದೆಯೇ ಅಡುಗೆಮನೆಗೆ ಬಂದು, ಕಾಫಿ ಸೋಸುತ್ತಿದ್ದ ನನ್ನನ್ನು ಕೇಳಿದಳು. "ಟೀಚರ್, ಗಾಡಿ ಚೆನ್ನಾಗೈತಲ್ರೀ? ನನ್ನ ಬಳೆ ಅಡ ಇಟ್ಟು ಕೊಳ್ತಿರೋದು."

ನಾನು ಏನು ಹೇಳಿದೆ ಗೊತ್ತೇ? "ಸಕ್ಕರೆ ಎಷ್ಟು ಹಾಕಲಿ ಅಮ್ಮಾ?"

ಹತ್ತು ಸಾವಿರ ಮುಂಗಡ ಕೊಟ್ಟು ಅವರು ಹೊರಟರು. ಗಾಡಿ ಕೊಡುವುದು ಮುಂದಿನ ಗುರುವಾರವೆಂದಾಯಿತು.

ಆ ರಾತ್ರಿ ನಾನು ಇವರೊಡನೆ ವಾದಕ್ಕಿಳಿದೆ. ಇವರು ಕೆಟ್ಟವರಲ್ಲ. ಇವರ ಮಾತಿನಲ್ಲೂ ನ್ಯಾಯವಿತ್ತು. "ನಮಗೆ ಯಾರು ಹೇಳಿದರು? ಲೋಕವೆಲ್ಲ ಹೀಗಿರುವಾಗ ನಾವೊಬ್ಬರೇ ಹರಿಶ್ಚಂದ್ರರಾಗಬೇಕೆ? ಅವನು ಓಡಿಸಿ ನೋಡಿದ್ದಾನೆ. ಬೇಕಿದ್ದರೆ ಮೆಕ್ಯಾನಿಕ್ಕನ್ನು ಕರೆತರಲಿ. ನಾನೇನು ಸುಳ್ಳು ಹೇಳಿದೆನೆ?" ಎಂದರು.

ಸುಳ್ಳು ಹೇಳಿರಲಿಲ್ಲ, ನಿಜ. ವಕೀಲನಾದ ನನ್ನ ತಮ್ಮನಿಗೆ ಫೋನು ಮಾಡಿದೆ. ಅವನು ನಕ್ಕು, "ಅಕ್ಕಾ, 1872ರ ಕರಾರು ಕಾಯ್ದೆಯಲ್ಲೇ ಇದಕ್ಕೆ ಉದಾಹರಣೆ ಇದೆ, ಆದರೆ ಅಲ್ಲಿರುವುದು ಕುದುರೆ" ಎಂದ. ಒಬ್ಬ ಹರಾಜಿನಲ್ಲಿ ಕುದುರೆ ಮಾರುತ್ತಾನೆ. ಅದಕ್ಕೆ ಖಾಯಿಲೆಯಿರುವುದು ಅವನಿಗೆ ಗೊತ್ತು. ಹೇಳುವುದಿಲ್ಲ. ಇದು ಮೋಸವಲ್ಲ ಎನ್ನುತ್ತದೆ ಕಾಯ್ದೆ. ಕೊಳ್ಳುವವನೇ ಎಚ್ಚರವಾಗಿರಬೇಕು. ನನಗೆ ಒಂದು ಕ್ಷಣ ಸಮಾಧಾನವಾಯಿತು. ಆದರೆ ತಮ್ಮ ಮುಂದುವರಿಸಿದ. ಕೊಳ್ಳುವವನು "ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಿಯುತ್ತೇನೆ" ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮವಂತೆ. ನನ್ನ ಕಣ್ಣ ಮುಂದೆ ಕಾಫಿಯ ಸೋಸುಬಟ್ಟೆ ಬಂತು. ಆ ಹುಡುಗಿ ಕೇಳಿದ್ದಳಲ್ಲ!

ಕುದುರೆಯೆಂದೊಡನೆ ನನಗೆ ಹಂಪಿ ನೆನಪಾಯಿತು. ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಹಜಾರ ರಾಮ ದೇವಾಲಯದ ಹೊರಗೋಡೆಯಲ್ಲಿ ಸಾಲುಸಾಲಾಗಿ ನಡೆಯುವ ಕುದುರೆಗಳನ್ನು ತೋರಿಸುತ್ತೇನೆ. ಹಡಗಿನಲ್ಲಿ ಬರುತ್ತಿದ್ದ ಕುದುರೆಗಳನ್ನು ಕೊಂಡು ಬೆಳೆದ ರಾಜ್ಯ ಅದು. ಹದಿನಾರನೆಯ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್, ಸಾಳುವ ನರಸಿಂಹನ ಬಗ್ಗೆ ಒಂದು ಸಂಗತಿ ಬರೆದಿಟ್ಟಿದ್ದಾನೆ. ಸಾವಿರ ಪರ್ದಾವೊಗಳಿಗೆ ಮೂರರಂತೆ ದೊರೆ ಕುದುರೆಗಳನ್ನು ಕೊಳ್ಳುತ್ತಿದ್ದ. ಸಮುದ್ರದಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಗೆ ಕೊಟ್ಟಷ್ಟೇ ಬೆಲೆ ಕೊಡುತ್ತಿದ್ದ. ಮಕ್ಕಳು ಇದನ್ನು ಕೇಳಿ ನಗುತ್ತಾರೆ. ಆದರೆ ಯೋಚಿಸಿ. ನಷ್ಟವನ್ನು ಮುಚ್ಚಿಡಬೇಕಾದ ಅಗತ್ಯವೇ ವ್ಯಾಪಾರಿಗೆ ಇರದ ಹಾಗೆ ಆ ದೊರೆ ಮಾಡಿಟ್ಟಿದ್ದ. ಕೊಳ್ಳುವವನು ಅಷ್ಟು ಶ್ರೀಮಂತನಾದರೆ ಸತ್ಯ ಹೇಳುವುದು ಸುಲಭ. ಬಳೆ ಅಡವಿಟ್ಟು ಕೊಳ್ಳುವವರ ಮುಂದೆ, ಫೀಜಿಗೆ ಸಾಲ ಮಾಡಿದವರು ಹೇಳುವ ಸತ್ಯಕ್ಕೆ ಬೆಲೆಯನ್ನು ಯಾರಾದರೊಬ್ಬರು ತಮ್ಮ ಕೈಯಿಂದಲೇ ಕಟ್ಟಬೇಕು. ಅದಕ್ಕೇ ನಾವು ಬಾಯಿ ಮುಚ್ಚುತ್ತೇವೆ.

ಅರ್ಥಶಾಸ್ತ್ರ ಓದುವ ಮಗಳು ಇನ್ನೊಂದು ಮಾತು ಸೇರಿಸಿದಳು. ಅಮೆರಿಕದ ಜಾರ್ಜ್ ಅಕರ್ಲಾಫ್ ಎಂಬವರು 1970ರಲ್ಲಿ ಹಳೆಯ ಕಾರುಗಳ ಪೇಟೆಯ ಮೇಲೆಯೇ ಒಂದು ಲೇಖನ ಬರೆದರಂತೆ. 2001ರಲ್ಲಿ ಅವರಿಗೆ ನೊಬೆಲ್ ಬಂತು. ಮಾರುವವರಿಗೆ ದೋಷ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವರು ಎಲ್ಲ ಗಾಡಿಗೂ ಕಡಿಮೆಯನ್ನೇ ಕೇಳುತ್ತಾರೆ. ಒಳ್ಳೆಯ ಗಾಡಿ ಇದ್ದವರು ಆ ಬೆಲೆಗೆ ಮಾರದೆ ಹಿಂದೆ ಸರಿಯುತ್ತಾರೆ. ಕೊನೆಗೆ ಪೇಟೆಯಲ್ಲಿ ಉಳಿಯುವುದು ಕೆಟ್ಟವೇ. ಅಂಥ ಗಾಡಿಗೆ ಅವರ ಕಡೆ ನಿಂಬೆಹಣ್ಣು ಎನ್ನುತ್ತಾರಂತೆ. "ನಾವು ನಾಲ್ಕು ನಿಂಬೆಹಣ್ಣಿನ ಮೇಲೆ ಐದನೆಯದನ್ನು ಹಾಯಿಸಿದೆವು" ಎಂದಳು. ಎಲ್ಲರೂ ನಕ್ಕೆವು, ಇವರೂ ನಕ್ಕರು. ಆದರೂ ಗುರುವಾರ ಹತ್ತಿರವಾಗುತ್ತಿತ್ತು.

ನನ್ನನ್ನು ತಿಂದದ್ದು ಕಾಯ್ದೆಯೂ ಅಲ್ಲ, ಅರ್ಥಶಾಸ್ತ್ರವೂ ಅಲ್ಲ. ಮಂಗಳವಾರ ಶಾಲೆಯ ಗೇಟಿನಲ್ಲಿ ಒಂದು ಜೀಪು ನಿಂತು ಮಕ್ಕಳು ದಬದಬ ಇಳಿದರು. ಚೀಲ, ನೀರಿನ ಬಾಟಲಿ, ಒಬ್ಬಳ ಬಿಚ್ಚಿದ ಜಡೆ. ಆಗ ಹೊಳೆಯಿತು. ಕೊಳ್ಳುವವನೇ ಎಚ್ಚರವಾಗಿರಬೇಕು, ಸರಿ. ಅವನು ಬೆಲೆ ಕೇಳಬಹುದು, ಜಗಳವಾಡಬಹುದು, ಬಗ್ಗಿ ನೋಡಬಹುದು. ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳು ಯಾವ ಚೌಕಾಸಿಯಲ್ಲಿ ಇದ್ದರು? ಅವರನ್ನು ಯಾರು ಎಚ್ಚರಿಸಬೇಕು? ಆ ಸದ್ದು ಕೇಳಿದವರೇ ಹೇಳಬೇಕು. ನಮಗೆ ಒಬ್ಬ ಮೋಸ ಮಾಡಿದ ಎಂಬುದು ನಮ್ಮ ಸಂಕಟ. ಅದು ಆ ಮಕ್ಕಳ ಸಾಲವಲ್ಲ, ಅವರಿಂದ ವಸೂಲು ಮಾಡುವುದಕ್ಕೆ.

ಇನ್ನೊಂದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. "ವ್ಯವಹಾರ ಗಂಡಸರದು, ನನ್ನದೇನು" ಎಂಬ ಮರೆ ನನಗೆ ಹಿತವಾಗಿತ್ತು. ನಾವು ಹೆಂಗಸರಿಗೆ ಮನೆಯ ಎಲ್ಲ ಕಟಕ್ಕುಗಳೂ ಗೊತ್ತಿರುತ್ತವೆ. ಹೆಣ್ಣು ನೋಡಲು ಹೊರಟ ಹುಡುಗನ ಕುಡಿತ ಅತ್ತಿಗೆಗೆ ಗೊತ್ತು. ಮಾರುವ ಹಸುವಿನ ಒದೆಯುವ ಬುದ್ಧಿ ಹಾಲು ಕರೆಯುವವಳಿಗೆ ಗೊತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯ ಬೆಂಬಲವೂ ನಮಗಿದೆ. ಅಲ್ಲಿ ಸುಳ್ಳು ಹೇಳುವವರು ಒಬ್ಬಿಬ್ಬರು. ಉಳಿದವರೆಲ್ಲ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳುವವರು. ಪುಣ್ಯಕೋಟಿಯ ಕಥೆಯನ್ನು ಇಪ್ಪತ್ತೈದು ವರ್ಷ ಪಾಠ ಮಾಡಿದವಳು ನಾನು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದನ್ನು ಕಲಿಸಿದೆ. ಆಡಬೇಕಾದ ಮಾತನ್ನು ಆಡುವುದನ್ನು ಕಲಿಸಲಿಲ್ಲ.

ಬುಧವಾರ ಸಂಜೆ ಇವರಿಗೆ ಹೇಳಿಯೇ ಆ ಹುಡುಗಿಗೆ ಫೋನು ಮಾಡಿದೆ. ಗಂಡ ಹೆಂಡತಿ ಇಬ್ಬರೂ ಬಂದರು. ಎಲ್ಲ ಹೇಳಿದೆ. ನಾನು ಕಥೆಗಳಲ್ಲಿ ಓದಿದಂತೆ ಅವರು ಕಣ್ಣೀರು ತುಂಬಿಕೊಂಡು ಕೈಮುಗಿಯಲಿಲ್ಲ. ಅವನು ಮುಂಗಡವನ್ನು ಎಣಿಸಿಕೊಂಡ. ಅವಳು ಮೆಟ್ಟಿಲಿಳಿಯುತ್ತಾ ತಿರುಗಿ, "ಅವತ್ತೇ ಕೇಳಿದ್ನಲ್ರೀ ಟೀಚರ್, ಅವತ್ತೇ ಯಾಕ್ ಹೇಳ್ಲಿಲ್ಲ?" ಎಂದಳು. ಇವರು ಹದಿನೈದು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆ ದಂಪತಿ ಬಳ್ಳಾರಿಯಲ್ಲಿ ಬೇರೆ ಗಾಡಿ ಕೊಂಡರೆಂದು ಕೇಳಿದೆ. ಅದರ ಗುಂಡು ಬಟ್ಟಲು ಹೇಗಿದ್ದವೋ, ಅದನ್ನು ಮಾರಿದ ಮನೆಯಲ್ಲಿ ಯಾರು ಕಾಫಿ ಸೋಸಿದರೋ.

ಕೊನೆಗೆ ಸಾಲ ಮಾಡಿ ಎರಡೂ ಕಡೆಯ ಬಾಲ್ ಜಾಯಿಂಟು, ಬುಶ್ಶುಗಳನ್ನು ಬದಲಾಯಿಸಿದೆವು. ಗಾಲಿಗಳ ಅಲೈನ್‌ಮೆಂಟ್ ಮಾಡಿಸಿ ಮುಂದಿನ ಎರಡು ಟೈರು ಹೊಸದು ಹಾಕಿಸಿದೆವು. ಗಾಡಿ ಸದ್ದಿಲ್ಲದೆ ಓಡಿತು. ಅತ್ತೆ ತೀರಿಕೊಂಡ ಮೇಲೆ, 2017ರಲ್ಲಿ ಮಾರಿದೆವು. ಆಗ ಏನೇನು ದುರಸ್ತಿಯಾಗಿದೆ, ಏನೇನು ಬಾಕಿಯಿದೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಂಡವರ ಕೈಗೆ ಕೊಟ್ಟವರು ಇವರೇ. ನಾನು ಹೇಳಿರಲಿಲ್ಲ.

ಆ ಹುಡುಗಿಯ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ತಡವಾಗಿ ಹೇಳಿದ ಸತ್ಯ ಅಪಘಾತವನ್ನು ತಪ್ಪಿಸಬಹುದು, ನಂಬಿಕೆಯನ್ನು ರಿಪೇರಿ ಮಾಡಲಾರದು. ನೀವು ಹಳೆಯ ಗಾಡಿ ನೋಡಲು ಹೋದಾಗ ಒಳಗೆ ಕಾಫಿ ಕುಡಿಯುತ್ತಾ ಕೂರಬೇಡಿ. ಹೊರಗೆ ಬಂದು ಮುಂದಿನ ಗಾಲಿ ಎತ್ತಿಸಿ, ಅಲುಗಿಸಿ ನೋಡಿ ಎನ್ನಿ. ಆ ಮನೆಯಾಕೆಯನ್ನೂ ನೇರವಾಗಿ ಕೇಳಿ. ನೀವೇ ಆ ಮನೆಯಾಕೆಯಾಗಿದ್ದರೆ, ಸಕ್ಕರೆಯ ಮಾತು ಆಮೇಲೆ ಆಡಬಹುದು.