ಓಟಗಾರನ ಋಣ ಯಾರಿಗೆ?

ಕಪ್ಪು ವರ್ಣದ ಕ್ರೀಡಾಪಟು ಗೆದ್ದ ಕೂಡಲೇ ಜನ ಕೇಳುವ ಪ್ರಶ್ನೆಯೊಂದಿದೆ: ತನ್ನ ಸಮುದಾಯಕ್ಕೆ ಆತ ಏನು ಮಾಡಿದ? ಶತಕ ಬಾರಿಸಿದ ಮೇಲ್ಜಾತಿಯ ಕ್ರಿಕೆಟಿಗನಿಂದ ಯಾರೂ ಈ ಲೆಕ್ಕ ಕೇಳುವುದಿಲ್ಲ.

ಮುಹಮ್ಮದ್ ಅಲಿ ಯಾರೂ ಕೇಳುವ ಮೊದಲೇ ಉತ್ತರ ಕೊಟ್ಟವರು. ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು 1967ರಲ್ಲಿ ನಿರಾಕರಿಸಿ ವಿಶ್ವ ಚಾಂಪಿಯನ್ ಪಟ್ಟವನ್ನೇ ಕಳೆದುಕೊಂಡರು. ಪಾರ್ಕಿನ್ಸನ್ ಕಾಯಿಲೆಯ ನಡುವೆಯೂ 1990ರಲ್ಲಿ ಇರಾಕಿಗೆ ಹೋಗಿ 15 ಮಂದಿ ಅಮೆರಿಕನ್ ಒತ್ತೆಯಾಳುಗಳನ್ನು ಬಿಡಿಸಿ ತಂದರು. ಅಲಿಯನ್ನು ಮೆಚ್ಚುವುದು ಸುಲಭ. ಅವರು ದೂರದವರು.

ಹತ್ತಿರದವರ ಮಾತೇ ಬೇರೆ. ಕಡೂರು, ಅಜ್ಜಂಪುರ ದಾಟಿ ಹುಬ್ಬಳ್ಳಿ ಮುಟ್ಟುವ ರೈಲಿನಿಂದಿಳಿದರೆ ಹಳಿಯಾಳ, ಮುಂಡಗೋಡ, ಯಲ್ಲಾಪುರದ ಸಿದ್ದಿಗಳ ನಾಡು ದೂರವಿಲ್ಲ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ ಇವರಲ್ಲಿದೆ. ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ. ಸಿದ್ದಿ ಯುವಕನೊಬ್ಬ ತರೀಕೆರೆಯ ಹೋಟೆಲಿನಲ್ಲಿ ಕನ್ನಡದಲ್ಲೇ ಚಹಾ ಕೇಳಿದರೂ, ಯಾವ ದೇಶದವನೆಂದು ನಾವು ವಿಚಾರಿಸಿಯೇವು!

1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಆಫ್ರಿಕದ ರಕ್ತ ಪದಕ ತರುತ್ತದೆಂಬ ಆಸೆ ಅದರ ಹಿಂದಿತ್ತು. ಕಮಲಾ ಸಿದ್ದಿಯಂಥವರು ಅಂತರರಾಷ್ಟ್ರೀಯ ಕ್ರೀಡಾಕೂಟಗಳವರೆಗೆ ಬೆಳೆದರು. ಆದರೆ 1993ರ ಹೊತ್ತಿಗೆ ಆ ಯೋಜನೆ ನಿಂತಿತು. ಮಕ್ಕಳು ಕಾಡಿನಂಚಿನ ಊರುಗಳಿಗೆ, ಕೂಲಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅಂದರೆ ಸರಕಾರಕ್ಕೆ ಅವರ ಕಾಲುಗಳು ಮೊದಲು ಕಂಡವು, ಬಡತನ ಕಂಡದ್ದು 16 ವರ್ಷಗಳ ನಂತರ.

ಇಲ್ಲಿ ಋಣಿ ಯಾರು? ಹ. ಬಿಲಾಲ್(ರ)ರನ್ನು ಗುಲಾಮಗಿರಿಯಿಂದ ಬಿಡಿಸಿದವರು ಹ. ಅಬೂಬಕರ್(ರ). ಮುಂದೊಮ್ಮೆ ಬಿಲಾಲ್(ರ) ಅವರೊಡನೆ, ನನ್ನನ್ನು ನಿಮಗಾಗಿ ಕೊಂಡಿದ್ದರೆ ಇಟ್ಟುಕೊಳ್ಳಿ, ಅಲ್ಲಾಹನಿಗಾಗಿ ಕೊಂಡಿದ್ದರೆ ನನ್ನ ದಾರಿಗೆ ಬಿಟ್ಟುಬಿಡಿ ಎಂಬರ್ಥದ ಮಾತು ಹೇಳಿದ್ದು ಬುಖಾರಿಯ ಹದೀಸಿನಲ್ಲಿದೆ. ಮೊದಲ ಅಝಾನ್ ಕೊಟ್ಟವರ ಮಾತಿದು. ಇದನ್ನು ಕೃತಘ್ನತೆ ಎಂದು ಯಾರೂ ಕರೆಯಲಿಲ್ಲ. ಬಿಡುಗಡೆ ಅವರ ಹಕ್ಕಾಗಿತ್ತು. ಆ ಬಳಿಕ ಸಲ್ಲಿಸಿದ ಸೇವೆ ಇಹ್ಸಾನ್. ಇಹ್ಸಾನನ್ನು ಸಾಲದಂತೆ ವಸೂಲು ಮಾಡಲಾಗದು.

ಈಚಿನ ವರ್ಷಗಳಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಮುಂಡಗೋಡದಲ್ಲಿ ಸಿದ್ದಿ ಮಕ್ಕಳಿಗೆ ಮತ್ತೆ ಓಟ ಕಲಿಸತೊಡಗಿತು. ಅವರಲ್ಲೊಬ್ಬಳು ಗೆದ್ದು, ಮರಳಿ ಬಂದು ಊರಿನ ಮಕ್ಕಳಿಗೆ ಕಲಿಸಿದರೆ ಸಂತೋಷವೇ. ಬರದೆ, ಹುಬ್ಬಳ್ಳಿಯಲ್ಲೊಂದು ನೌಕರಿ ಹಿಡಿದು ತಾಯಿಗೊಂದು ಹಂಚಿನ ಮನೆ ಕಟ್ಟಿಸಿ ಸುಮ್ಮನಿದ್ದರೆ? 1993ರಲ್ಲಿ ಬಾಗಿಲು ಮುಚ್ಚಿದಾಗ ಸುಮ್ಮನಿದ್ದವರು ನಾವೇ.