ಪಾದರಕ್ಷೆಯೂ ಪ್ರೌಢಿಮೆಯೂ

ಗಂಡಸು ಎಷ್ಟರಮಟ್ಟಿಗೆ ಪಕ್ವವಾಗಿದ್ದಾನೆಂಬುದನ್ನು ಅವನ ಕಾಲಲ್ಲಿರುವ ಮೆಟ್ಟಿನಿಂದ ಅಳೆಯಬಹುದೇ? ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ನಮ್ಮ ಅನೇಕ ಮನೆಗಳಲ್ಲಿ ಈ ವಾದ ನಡೆಯುತ್ತಲೇ ಇದೆ. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ ಪಡೆಯುವ ಮೂವತ್ತೈದರ ಮಗ ಬಂಧುಗಳ ಮದುವೆಗೂ ರಬ್ಬರ್ ಚಪ್ಪಲಿಯಲ್ಲೇ ಹೊರಟರೆ, “ಇನ್ನೂ ಹುಡುಗಾಟ ಬಿಡಲಿಲ್ಲವೇನೋ?” ಎಂದು ತಂದೆ ಗದರುತ್ತಾರೆ. “ನನ್ನ ಕಾಲಿಗೆ ಹಿತವಾದುದನ್ನು ಹಾಕಿಕೊಂಡರೆ ಯಾರಿಗೇನು ನಷ್ಟ ಅಪ್ಪಾ?” ಎಂದು ಮಗ ಕೇಳುತ್ತಾನೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಅದನ್ನು ಬಿಡಿಸಿ ನೋಡುವುದು ನಮ್ಮ ಉದ್ದೇಶ.

ಕನ್ನಡದಲ್ಲಿ ಪಾದರಕ್ಷೆಗೆ ಹೆಸರುಗಳು ಹಲವು: ಮೆಟ್ಟು, ಕೆರ, ಜೋಡು, ಚಪ್ಪಲಿ, ಎಕ್ಕಡ. ಇವುಗಳಲ್ಲಿ ‘ಎಕ್ಕಡ’ ಎಂಬುದು ತೆಲುಗಿನವರಿಗೆ ‘ಎಲ್ಲಿ?’ ಎಂಬ ಪ್ರಶ್ನೆ. ಬೆಳುಗುಪ್ಪ, ಮಡಕಶಿರಾ ಮತ್ತು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ಸೀಮೆಯಲ್ಲಿ ಎರಡು ನುಡಿಗಳ ನಡುವೆ ಬೆಳೆದ ನಾವು ಈ ಶ್ಲೇಷೆಗೆ ನಗುತ್ತಲೇ ಬಂದಿದ್ದೇವೆ. ಆದರೆ ನಮ್ಮ ಪ್ರಶ್ನೆಗೆ ಉತ್ತರದ ಸುಳಿವು ಅದರಲ್ಲಿಯೇ ಅಡಗಿದೆ. ಯಾವ ಎಕ್ಕಡ ಎಂಬುದಕ್ಕಿಂತ, ಎಲ್ಲಿ ತೊಡುವುದು, ಎಲ್ಲಿ ಕಳಚುವುದು ಎಂಬ ವಿವೇಕವೇ ಮುಖ್ಯವಾದುದು.

ಮೊದಲು ತಂದೆಯ ಪಕ್ಷವನ್ನು ನೋಡೋಣ. ಔಚಿತ್ಯವೇ ಕಾವ್ಯದ ಜೀವವೆಂದು ಸಾರಿದವನು 11ನೇ ಶತಮಾನದ ಕಾಶ್ಮೀರದ ಕ್ಷೇಮೇಂದ್ರ. ಕೊರಳಿಗೆ ಒಡ್ಯಾಣವನ್ನೂ ಕೈಗೆ ಕಾಲಂದುಗೆಯನ್ನೂ ತೊಟ್ಟವರು ನಗೆಗೀಡಾಗುತ್ತಾರೆಂಬುದು ಅವನು ಕೊಟ್ಟ ನಿದರ್ಶನ. ಒಡವೆಯಲ್ಲಿ ದೋಷವಿಲ್ಲ, ಸ್ಥಾನದಲ್ಲಿದೆ. ಬಚ್ಚಲಿಗೂ ಹಿತ್ತಲಿಗೂ ಮೆಟ್ಟುವ ಚಪ್ಪಲಿಯಲ್ಲಿ ಮದುವೆಯ ಮನೆಗೆ ಹೋದಾಗ ಕರೆದವರಿಗೆ, “ನಿಮ್ಮ ಶುಭಕಾರ್ಯಕ್ಕೆ ನಾನು ಯಾವ ಸಿದ್ಧತೆಯನ್ನೂ ಮಾಡಿಕೊಂಡಿಲ್ಲ” ಎಂದು ಹೇಳಿದಂತಾಗುತ್ತದೆ. ಹುಡುಗನಿಗೆ ತನ್ನ ಹಿತವೇ ಲೋಕ. ತನ್ನ ನಡೆ ಇನ್ನೊಬ್ಬರಿಗೆ ಹೇಗೆ ಕಾಣುತ್ತದೆಂದು ಯೋಚಿಸಲು ತೊಡಗಿದಾಗ ಅವನು ದೊಡ್ಡವನಾಗುತ್ತಾನೆ. ತಂದೆಯ ಗದರಿಕೆಯ ತಿರುಳು ಇದೇ.

ಮಗನ ಪಕ್ಷವೂ ದುರ್ಬಲವಲ್ಲ. ಕಾಲುಚೀಲ ತೊಟ್ಟು, ಮೇಲೆ ಕಪ್ಪು ಬೂಟು ಬಿಗಿದುಕೊಂಡರೇ ಸಭ್ಯತೆಯೆಂಬ ಭಾವನೆ ಶೀತದೇಶದ ಆಳರಸರ ಕಚೇರಿಗಳಿಂದ ನಮಗೆ ಬಂದುದು. ಮಳೆ ಅಪರೂಪವಾದ, ಬೇಸಿಗೆಯಲ್ಲಿ ನೆಲ ಕಾದ ಹೆಂಚಾಗುವ ಅನಂತಪುರ ಜಿಲ್ಲೆಗೆ ತೆರೆದ ಚಪ್ಪಲಿಯೇ ಸರಿ. ಇನ್ನು, ನೆರೆಯವನಿಗೆ ಸಮನಾಗಲು ಸಾಲ ಮಾಡಿ ಸಾವಿರಾರು ರೂಪಾಯಿಯ ಬೂಟು ಕೊಳ್ಳುವವನು ಪ್ರೌಢನೇ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಕಾಲಿಗೆ ತೊಡುವುದಕ್ಕೂ ಅನ್ವಯಿಸುತ್ತದೆ.

ಆದರೆ ತಂದೆ ಮಗ ಇಬ್ಬರೂ ಒಂದು ಸಂಗತಿಯನ್ನು ಮರೆತಿದ್ದಾರೆ. ಅವರ ವಾದ ಆಯ್ಕೆಯಿರುವವರ ವಾದ. ಕಡಲೆಕಾಯಿ ಹೊಲದ ಕೂಲಿಯವನಿಗೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಒಂದೇ ಇರುತ್ತದೆ. ಹೊಲಕ್ಕೂ ಅದೇ, ಸಂತೆಗೂ ಅದೇ, ಮಗಳ ಮದುವೆಗೂ ಅದೇ. ಉಂಗುಷ್ಟ ಕಿತ್ತರೆ ಪಿನ್ನು ಸಿಕ್ಕಿಸಿ ನಡೆಯುತ್ತಾನೆ. ಜಾಲಿಮುಳ್ಳಿನ ದಾರಿಯಲ್ಲಿ ಬರಿಗಾಲಲ್ಲಿ ನಡೆದು ಬಂದ ಮಕ್ಕಳಿಗೆ ನಾವು ದಶಕಗಳ ಕಾಲ ಪಾಠ ಹೇಳಿದ್ದೇವೆ. ಆ ಕಾಲುಗಳನ್ನು ನೋಡಿ ಅವರ ಮನಸ್ಸನ್ನು ಅಳೆಯಲು ಯಾವ ಉಪಾಧ್ಯಾಯನಿಗೂ ಹಕ್ಕಿಲ್ಲ.

ಇದಕ್ಕಿಂತ ಕಹಿಯಾದ ಇತಿಹಾಸವೂ ಉಂಟು. ಊರಿನ ಮೇಲುಜಾತಿಯವರ ಬೀದಿಯಲ್ಲಿ ಹೋಗುವಾಗ ದಲಿತನು ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿಯಬೇಕೆಂಬ ಕಟ್ಟಳೆ ನಮ್ಮ ಎಷ್ಟೋ ಹಳ್ಳಿಗಳಲ್ಲಿತ್ತು. ಮೆಟ್ಟನ್ನು ಹೊಲಿದವನಿಗೇ ಮೆಟ್ಟುವ ಅಧಿಕಾರವಿರಲಿಲ್ಲ! 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದರೂ ಬೀದಿಯ ಕಟ್ಟಳೆ ಬೇಗನೆ ಅಳಿಯಲಿಲ್ಲ. ತನ್ನ ಎದುರಿಗೆ ಇನ್ನೊಬ್ಬನು ಚಪ್ಪಲಿ ಮೆಟ್ಟಿ ನಡೆದರೆ ತನ್ನ ಗೌರವ ಹೋಯಿತೆಂದುಕೊಂಡವನು, ಎಂಥ ಜರಿ ಪಂಚೆ ಉಟ್ಟು ಕಿರ್‍ರೆನ್ನುವ ಜೋಡು ತೊಟ್ಟಿದ್ದರೂ, ಮನಸ್ಸಿನಲ್ಲಿ ಬಾಲಕನೇ.

12ನೇ ಶತಮಾನದ ಕಲ್ಯಾಣದಲ್ಲಿ ಇದಕ್ಕೆ ಉತ್ತರವೊಂದು ದೊರೆತಿತ್ತು. ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂದೂ, ಅವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದೂ ಪ್ರತೀತಿ. ಮಾಡಿದ ಕೈಗಳನ್ನು ನೆನೆದಾಗ ಮೆಟ್ಟೂ ಪೂಜ್ಯವಾಯಿತು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ತಾವೇ ಚಪ್ಪಲಿ ಹೊಲಿಯಲು ಕಲಿತರು. ತಮ್ಮನ್ನು ಸೆರೆಗೆ ತಳ್ಳಿದ ಜನರಲ್ ಸ್ಮಟ್ಸ್‌ಗೆ 1914ರಲ್ಲಿ ಒಂದು ಜೊತೆಯನ್ನು ಕೊಟ್ಟರು. ಅದನ್ನು ಹಲವು ಬೇಸಿಗೆಗಳಲ್ಲಿ ಮೆಟ್ಟಿದ ಸ್ಮಟ್ಸ್, ಗಾಂಧೀಜಿಯವರ 70ನೇ ಹುಟ್ಟುಹಬ್ಬದ ಸಂದರ್ಭದಲ್ಲಿ ಗೌರವಪೂರ್ವಕವಾಗಿ ಹಿಂದಿರುಗಿಸಿದರು. ವೈರವನ್ನು ಮೀರಿದ ಇಬ್ಬರ ಪ್ರೌಢಿಮೆಗೂ ಒಂದು ಜೊತೆ ಚಪ್ಪಲಿ ಸಾಕ್ಷಿಯಾಯಿತು.

ಮಾಡುವವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಕೊಲ್ಹಾಪುರಿ ಎಂಬ ಹೆಸರಿದ್ದರೂ ಆ ಚಪ್ಪಲಿಯ ಭೌಗೋಳಿಕ ಸೂಚಕ ಮಾನ್ಯತೆ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದೆ. ಅಥಣಿಯ ಮನೆಗಳಲ್ಲಿ ಗಂಡಸರೂ ಹೆಂಗಸರೂ ಕೂಡಿ ಕೈಯಿಂದ ಅದನ್ನು ಮಾಡುತ್ತಾರೆ. ಗಡಿಯ ಗೆರೆ ಚಪ್ಪಲಿಯ ಕಸುಬನ್ನು ಸೀಳಲಾಗಲಿಲ್ಲವೆಂಬುದು ಗಡಿನಾಡಿನವರಾದ ನಮಗೆ ಸಂತೋಷದ ವಿಷಯ.

ಹಾಗಾದರೆ ಮೆಟ್ಟಿನಿಂದ ಮನುಷ್ಯನನ್ನು ಅರಿಯಲು ಸಾಧ್ಯವೇ ಇಲ್ಲವೇ? ಸ್ವಲ್ಪಮಟ್ಟಿಗೆ ಸಾಧ್ಯ, ಆದರೆ ಅದರ ಬೆಲೆಯಿಂದಲ್ಲ, ಮಾದರಿಯಿಂದಲೂ ಅಲ್ಲ. ಸಭಾಮಂದಿರದ ಬಾಗಿಲಲ್ಲಿ ತನ್ನದನ್ನು ಒಂದು ಬದಿಗೆ ಬಿಟ್ಟು ದಾರಿ ತೆರವು ಮಾಡುತ್ತಾನೆಯೇ, ಇಲ್ಲ ಇತರರ ಚಪ್ಪಲಿಗಳನ್ನು ತುಳಿದು ಒಳಗೆ ನುಗ್ಗುತ್ತಾನೆಯೇ? ಕಿತ್ತ ಚಪ್ಪಲಿಯನ್ನು ಹೊಲಿಸುವಾಗ ಬೀದಿಬದಿಯ ಕುಶಲಿಗನನ್ನು ಬಹುವಚನದಲ್ಲಿ ಮಾತನಾಡಿಸುತ್ತಾನೆಯೇ, ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾನೆಯೇ? ನಮ್ಮ ಮಕ್ಕಳು ಇದನ್ನು ನಮ್ಮನ್ನು ನೋಡಿಯೇ ಕಲಿಯುತ್ತಾರೆ.

ಆದುದರಿಂದ ಆ ಮಗನಿಗೆ ನಮ್ಮ ಮಾತು ಇಷ್ಟೇ: ಮದುವೆಯ ದಿನ ಕರೆದವರ ಮನಸ್ಸಿಗಾಗಿ ಒಂದು ಗಳಿಗೆ ನಿನ್ನ ಹಿತವನ್ನು ಬದಿಗಿಡು, ಅದರಿಂದ ನೀನು ಚಿಕ್ಕವನಾಗುವುದಿಲ್ಲ. ತಂದೆಗೂ ಒಂದು ಮಾತು: ಮಗನ ಕಾಲನ್ನು ನೋಡಿದ ಕಣ್ಣಿನಿಂದಲೇ, ಅದೇ ಮದುವೆಯಲ್ಲಿ ಎಂಜಲೆಲೆ ಎತ್ತುವವನ ಬರಿಗಾಲನ್ನೂ ನೋಡಿ.