ಇದು ಅದೇ ರೇಡಿಯೊವೇ?

ಗುಜರಿ ಅಂಗಡಿಯಲ್ಲೋ ಬೆಂಗಳೂರಿನ ಸಂಡೆ ಬಜಾರಿನಲ್ಲೋ ಕಣ್ಣಿಗೆ ಬೀಳುವ ಹಳೆಯ ವಾಲ್ವ್ ರೇಡಿಯೊಗಳಲ್ಲಿ ಎಷ್ಟೋ ಹೆಸರಿಲ್ಲದವು. ಮುಂದಿನ ಕಂಪನಿ ಬಿಲ್ಲೆ ಕಳಚಿಹೋಗಿರುತ್ತದೆ. ಹಿಂಬದಿ ರಟ್ಟಿನ ಮೇಲಿದ್ದ ಮಾಡೆಲ್ ನಂಬರು ಗೆದ್ದಲಿನ ಪಾಲಾಗಿರುತ್ತದೆ. ಅಂಥದೊಂದನ್ನು ಮನೆಗೆ ತಂದವರಿಗೆ ಎರಡು ಪ್ರಶ್ನೆ ಎದುರಾಗುತ್ತವೆ: ಇದು ಯಾವ ರೇಡಿಯೊ? ರಿಪೇರಿಯಾದ ಮೇಲೂ ಇದು ಇದೇ ಆಗಿರುತ್ತದೆಯೇ? ಮೊದಲನೆಯದಕ್ಕೆ ಉತ್ತರ ಪೆಟ್ಟಿಗೆಯೊಳಗೇ ಇದೆ. ಎರಡನೆಯದನ್ನು ದಾರ್ಶನಿಕರು ಎರಡು ಸಾವಿರ ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ.

ಗುರುತು ಹಿಡಿಯುವ ಕೆಲಸ ಡಯಲ್ ಗಾಜಿನಿಂದ ಶುರುವಾಗುತ್ತದೆ. ಅದರ ಮೇಲೆ ದೆಹಲಿ, ಮದ್ರಾಸ್, ಸಿಲೋನ್ ಎಂದು ಅಚ್ಚಾಗಿದ್ದರೆ ಸೆಟ್ಟು ನಮ್ಮ ಕಡೆಯ ಕೇಳುಗರಿಗೆಂದೇ ಆದದ್ದು. ಹಿಲ್ವರ್ಸಮ್, ಲಕ್ಸೆಂಬರ್ಗ್ ಎಂದಿದ್ದರೆ ಯುರೋಪಿನ ಮನೆಗೆ. ವಾಲ್ವ್‌ಗಳು ಇನ್ನೂ ಹೆಚ್ಚು ಹೇಳುತ್ತವೆ. ಇಸಿಎಚ್81 ಎಂಬ ಸಂಕೇತವನ್ನೇ ನೋಡಿ. ‘ಇ’ ಎಂದರೆ ಹೀಟರಿಗೆ 6.3 ವೋಲ್ಟ್, ‘ಸಿ’ ಟ್ರಯೋಡ್, ‘ಎಚ್’ ಹೆಪ್ಟೋಡ್, 8 ಎಂದರೆ ಒಂಬತ್ತು ಪಿನ್ನಿನ ಬುಡ. ಮೊದಲ ಅಕ್ಷರ ‘ಯು’ ಆಗಿದ್ದರೆ ಎಲ್ಲ ಹೀಟರುಗಳೂ 100 ಮಿಲಿಆಂಪಿಯರ್ ಕರೆಂಟಿನಲ್ಲಿ ಸಾಲಾಗಿ ಉರಿಯುವ, ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟು. ಅದರ ಚಾಸಿಗೆ ನೇರವಾಗಿ ಮನೆಯ ಕರೆಂಟು ತಾಗಿರಬಹುದು. ಅದನ್ನು ತಿಳಿಯದೆ ಕೈಯಿಟ್ಟವರ ಜೀವಕ್ಕೇ ಅಪಾಯ.

ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನು ಮಾಡತೊಡಗಿತು. ಹಾಗಾಗಿ ಗಾಜಿನ ಮೇಲೆ ‘ಬಿಇಎಲ್’ ಮುದ್ರೆ ಕಂಡರೆ ಆ ವಾಲ್ವ್ 1961ಕ್ಕಿಂತ ಹಳೆಯದಲ್ಲ. ಆದರೆ ರೇಡಿಯೊ ಹಳೆಯದಿರಬಹುದು. ಮೊದಲ ವಾಲ್ವ್ ಸುಟ್ಟುಹೋದಾಗ ಯಾರೋ ಮೆಕ್ಯಾನಿಕ್ ಇದನ್ನು ಸಿಕ್ಕಿಸಿರಬಹುದು. ಕೈಗೆ ಸಿಗುವ ಹೊತ್ತಿಗಾಗಲೇ ಆ ಸೆಟ್ಟು ಒಮ್ಮೆ ಬದಲಾಗಿದೆ ಎಂದಾಯಿತು.

‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನನ್ನು ಕೇಳುವುದೂ ಇಂಥದ್ದನ್ನೇ. ನೀನು ಬಂದ ರಥ ಯಾವುದು, ಮೂಕಿಯೇ, ಅಚ್ಚೇ, ಗಾಲಿಯೇ? ಒಂದೂ ಅಲ್ಲ, ಎಲ್ಲ ಹೀಗೆ ಕೂಡಿದಾಗ ರಥ ಎನ್ನುವ ಹೆಸರು ಬಳಕೆಗೆ ಬರುತ್ತದೆ, ಅಷ್ಟೇ. ಆದರೆ ಆ ‘ಅಷ್ಟೇ’ ಎಷ್ಟು ದೊಡ್ಡದು ಎಂಬುದು ಹೆಸರು ಕಳೆದುಕೊಂಡ ರೇಡಿಯೊದ ಮುಂದೆ ಕೂತಾಗ ತಿಳಿಯುತ್ತದೆ. ಮಾಡೆಲ್ ಹೆಸರು ಸಿಕ್ಕರೆ ಸರ್ಕ್ಯೂಟ್ ನಕ್ಷೆ ಹುಡುಕಬಹುದು, ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂದು ಗೊತ್ತಾಗುತ್ತದೆ. ಹೆಸರು ಬರೀ ವ್ಯವಹಾರಕ್ಕೆ ಇರುವುದೇ ಇರಬಹುದು, ಆದರೆ ರಿಪೇರಿ ಮಾಡುವವರ ಅರ್ಧ ಶ್ರಮ ಉಳಿಸುವುದೂ ಅದೇ.

ಇನ್ನು ಬದಲಾಯಿಸುವ ಮಾತು. ದಶಕಗಟ್ಟಲೆ ಮೂಲೆಯಲ್ಲಿದ್ದ ಸೆಟ್ಟನ್ನು ತಿಳಿದವರು ನೇರವಾಗಿ ಪ್ಲಗ್ಗಿಗೆ ಚುಚ್ಚುವುದಿಲ್ಲ, ಸೀರೀಸಿನಲ್ಲಿ ಒಂದು ಬಲ್ಬ್ ಇಟ್ಟು ನೋಡುತ್ತಾರೆ. ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು ಒಣಗಿರುತ್ತವೆ. ಮೇಣ ಸವರಿದ ಕಾಗದದ ಕಂಡೆನ್ಸರುಗಳು ಸೋರುತ್ತಿರುತ್ತವೆ. ಅವುಗಳಲ್ಲಿ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ದನಿ ದಾಟಿಸುವ ಒಂದು ಕಂಡೆನ್ಸರ್ ಸೋರಿದರೂ ಸಾಕು, ಹಿಂದಿನ ವಾಲ್ವಿನ ಹೆಚ್ಚಿನ ವೋಲ್ಟೇಜ್ ಗ್ರಿಡ್ಡಿಗೆ ನುಗ್ಗಿ, ಪ್ಲೇಟು ಕೆಂಪಗೆ ಕಾದು ವಾಲ್ವ್ ಹಾಳಾಗುತ್ತದೆ. ಕಾರ್ಬನ್ ರೆಸಿಸ್ಟರುಗಳ ಓಮ್ ಏರಿರುತ್ತದೆ, ವೈರಿನ ರಬ್ಬರು ಪುಡಿಪುಡಿಯಾಗಿರುತ್ತದೆ. ಎಲ್ಲವನ್ನೂ ಬದಲಿಸಿದ ಮೇಲೆ ಉಳಿಯುವುದು ಪೆಟ್ಟಿಗೆ, ಚಾಸಿ, ಸ್ಪೀಕರು, ಕಾಯಿಲುಗಳು.

ವೈಶೇಷಿಕ ದಾರ್ಶನಿಕರನ್ನು ಕೇಳಿದರೆ ಅವರ ಉತ್ತರ ಕಠಿಣ. ಬಟ್ಟೆಯಿಂದ ಒಂದು ನೂಲು ಎಳೆದರೂ ಮೊದಲಿನ ಬಟ್ಟೆ ನಾಶವಾಯಿತು, ಈಗಿರುವುದು ಹೊಸತಾಗಿ ಹುಟ್ಟಿದ ಬಟ್ಟೆ. ಹಾಗೆಂದರೆ ಒಂದೊಂದು ಬೆಸುಗೆಗೂ ಒಂದೊಂದು ರೇಡಿಯೊ! ತರ್ಕ ಬಿಗಿಯಾಗಿಯೇ ಇದೆ, ಬಾಳುವೆಗೆ ಮಾತ್ರ ಹೊಂದುವುದಿಲ್ಲ. ಪುರಿಯಲ್ಲಿ ಬೇರೆಯದೇ ದಾರಿ. ನವಕಳೇಬರದಲ್ಲಿ ಜಗನ್ನಾಥನ ಮರದ ಮೂರ್ತಿಯೇ ಹೊಸದಾಗುತ್ತದೆ. 1996ರ ನಂತರ 2015ರಲ್ಲಿ ಅದು ನಡೆಯಿತು. ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಹೊಸದಕ್ಕೆ ಸೇರಿಸುವುದರಿಂದ ಭಕ್ತರ ಪಾಲಿಗೆ ಜಗನ್ನಾಥ ಬದಲಾಗಲೇ ಇಲ್ಲ. ರೇಡಿಯೊದಲ್ಲಿ ಅಂಥ ತಿರುಳು ಯಾವುದು? ಮೆಕ್ಯಾನಿಕ್ ಚಾಸಿ ಎನ್ನುತ್ತಾನೆ, ಮನೆಯವರು ಪೆಟ್ಟಿಗೆ ಎನ್ನುತ್ತಾರೆ.

ತಯಾರಕರೇ ಒಂದು ಗೆರೆ ಎಳೆದಿಟ್ಟಿದ್ದಾರೆ ಎಂಬುದು ಗಮನಿಸಬೇಕಾದ ಸಂಗತಿ. ವಾಲ್ವ್‌ಗೆ ಸಾಕೆಟ್ ಇದೆ. ಅದು ಸವೆಯುತ್ತದೆ, ಕಿತ್ತು ಬೇರೆ ಹಾಕಬೇಕಾಗುತ್ತದೆ ಎಂದು ಮೊದಲ ದಿನವೇ ಒಪ್ಪಿಕೊಂಡು ಮಾಡಿದ ಯಂತ್ರ ಇದು. ಹಾಲೆಂಡಿನ ಇಎಲ್84 ಇದ್ದ ಜಾಗದಲ್ಲಿ ಜಾಲಹಳ್ಳಿಯ ಇಎಲ್84 ಕೂತರೆ ರೇಡಿಯೊದ ಸ್ವಭಾವಕ್ಕೆ ಭಂಗವಿಲ್ಲ, ಬದಲಾವಣೆ ಆ ಸ್ವಭಾವದ ಒಳಗೇ ಇತ್ತು. ಬೆಸುಗೆ ಹಾಕಿದ ಕಂಡೆನ್ಸರಿನ ವಿಷಯದಲ್ಲಿ ಅಂಥ ಅಪ್ಪಣೆ ಇಲ್ಲ. ಅಲ್ಲಿಂದಾಚೆಗಿನದು ರಿಪೇರಿ ಮಾಡುವವರ ವಿವೇಕ.

ಈ ಗೊಂದಲಕ್ಕೆ ಹೆಚ್ಚು ನೆರವಾಗುವವರು ದಿಗಂಬರ ಜೈನಾಚಾರ್ಯ ಸಮಂತಭದ್ರರು. ‘ಆಪ್ತಮೀಮಾಂಸೆ’ಯಲ್ಲಿ ಅವರು ಕೊಡುವ ನಿದರ್ಶನ ಇದು: ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ನಗುತ್ತಾನೆ, ಚಿನ್ನವಷ್ಟೇ ಬೇಕಿದ್ದವನಿಗೆ ಎರಡೂ ಇಲ್ಲ. ನಾಶ, ಹುಟ್ಟು, ಉಳಿವು ಮೂರೂ ಒಂದೇ ಗಳಿಗೆಯಲ್ಲಿ ನಿಜ. ರಿಪೇರಿಯಾದ ರೇಡಿಯೊದ ಸುತ್ತಲೂ ಇದೇ ಮೂವರು ನಿಂತಿರುತ್ತಾರೆ. ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆನ್ನುವ ಸಂಗ್ರಾಹಕನಿಗೆ ನಷ್ಟ. ಹಾಡು ಕೇಳಬೇಕೆನ್ನುವವರಿಗೆ ಲಾಭ. ಅಜ್ಜಿಯ ಮನೆಯ ರೇಡಿಯೊ ಕಣ್ಣೆದುರು ಇದ್ದರಾಯಿತು ಎನ್ನುವವರಿಗೆ ಏನೂ ಆಗಿಲ್ಲ. ಮೂವರಲ್ಲಿ ಯಾರದೂ ತಪ್ಪಿಲ್ಲ.

ಸುಳ್ಳು ಹೇಳುವವನದು ಮಾತ್ರ ತಪ್ಪು. ಹಳೆಯ ಕಂಡೆನ್ಸರಿನ ಹೊಟ್ಟೆ ಖಾಲಿ ಮಾಡಿ, ಅದರೊಳಗೆ ಹೊಸದನ್ನು ಅಡಗಿಸಿ, ಮೇಣ ಕರಗಿಸಿ ಬಾಯಿ ಮುಚ್ಚುವ ನಾಜೂಕಿನ ಕೆಲಸವೊಂದಿದೆ. ನೋಟ ಕೆಡದಿರಲೆಂದು ಶ್ರದ್ಧೆಯಿಂದ ಹೀಗೆ ಮಾಡುವವರಿದ್ದಾರೆ, ಅವರ ಕೈಚಳಕ ಮೆಚ್ಚಬೇಕಾದದ್ದೇ. ಆದರೆ ಅದೇ ಸೆಟ್ಟನ್ನು ‘ಮುಟ್ಟದ ಮೂಲ ಸ್ಥಿತಿ’ಯೆಂದು ಮಾರಿದರೆ ಅದು ಮೋಸ. ಯಾವ ಭಾಗ, ಯಾವ ಅಳತೆ, ಯಾವ ದಿನ ಬದಲಾಯಿತೆಂದು ಬರೆದ ಚೀಟಿಯೊಂದು ಪೆಟ್ಟಿಗೆಯ ಒಳಗಿರಬೇಕು.

ತೆಗೆದ ಭಾಗಗಳ ಗತಿ ಏನು? ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಕಥೆ ಪ್ಲುಟಾರ್ಕ್‌ನದು. ತೆಗೆದ ಹಲಗೆಗಳಿಂದಲೇ ಇನ್ನೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದೆಂದು ಕೆಣಕಿದವನು 1655ರ ಗ್ರಂಥದಲ್ಲಿ ಥಾಮಸ್ ಹಾಬ್ಸ್. ಅವನ ಎರಡನೆಯ ಹಡಗು ತೇಲಿದರೂ ತೇಲೀತು, ಸೋರುವ ಕಂಡೆನ್ಸರುಗಳನ್ನು ಮತ್ತೆ ಜೋಡಿಸಿದ ರೇಡಿಯೊ ಹಾಡಲಾರದು. ಆದರೂ ಅವನ್ನು ಎಸೆಯದೆ ಒಂದು ಕವರಿನಲ್ಲಿ ಹಾಕಿ ಚಾಸಿಯ ಪಕ್ಕ ಕಟ್ಟಿಡುವುದು ಒಳ್ಳೆಯದು. ನಕ್ಷೆ ಸಿಗದ ಸೆಟ್ಟಿನಲ್ಲಿ ಮುಂದಿನ ಮೆಕ್ಯಾನಿಕ್‌ಗೆ ಮೂಲದ ಅಳತೆ ತಿಳಿಸಲು ಆ ಸತ್ತ ಕಂಡೆನ್ಸರುಗಳ ಮೈಮೇಲಿನ ಅಂಕಿಗಳೇ ಬೇಕಾಗುತ್ತವೆ.